ಕೊನೆ ಗೊತ್ತಿದ್ದ ಚಿತ್ರ

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಸಿನಿಮಾ ಹುಚ್ಚಿನವರ ಒಂದು ಗುಂಪಿದೆ. ಬೆಳಗ್ಗೆ ಎರಡು ಸುತ್ತು ನಡೆದ ಶಾಸ್ತ್ರ ಮುಗಿಸಿ ಬೆಂಚಿನ ಮೇಲೆ ಕುಳಿತರೆ ಆಯಿತು, ಮಾತೆಲ್ಲ ಚಿತ್ರಗಳದ್ದೇ. ಯಾವುದು ಪರವಾಗಿಲ್ಲ, ಯಾವುದಕ್ಕೆ ಹೋದರೆ ದುಡ್ಡು ದಂಡ, ಯಾವುದನ್ನು ಮನೆಯಲ್ಲೇ ಕುಳಿತು ನೋಡಬಹುದು. ಅವರೆಲ್ಲರಿಗಿಂತ ನಾನೇ ಹಿರಿಯಳು. ಹಾಗಾಗಿ ಹಳೆಯ ಕಪ್ಪುಬಿಳುಪು ಚಿತ್ರಗಳ ವಿಚಾರ ಬಂದರೆ ಎಲ್ಲರ ಮುಖವೂ ನನ್ನ ಕಡೆ ತಿರುಗುತ್ತದೆ. ಅಜ್ಜಿ ಅನ್ನಲು ಹೆದರಿ ಆಂಟಿ ಅನ್ನುತ್ತಾರೆ. "ಆಂಟಿ, ನೀವೊಂದು ನಾಲ್ಕೈದು ಹೇಳಿ, ಭಾನುವಾರ ಕೂತ್ಕೊಂಡು ನೋಡ್ತೀವಿ." ನಾನು ಹೇಳುತ್ತೇನೆ, ಅದಕ್ಕೇನು ಜಿಪುಣತನವಿಲ್ಲ. ಆದರೆ ಕಥೆ ಅರ್ಧಕ್ಕೆ ಬರುವಷ್ಟರಲ್ಲಿ ಒಬ್ಬರಲ್ಲ ಒಬ್ಬರು ಕಿವಿ ಮುಚ್ಚಿಕೊಂಡು ಕಿರುಚಿಕೊಳ್ಳುತ್ತಾರೆ. "ಅಯ್ಯೋ, ಕ್ಲೈಮ್ಯಾಕ್ಸ್ ಹೇಳ್ಬೇಡಿ ಆಂಟಿ! ಎಲ್ಲಾ ಹಾಳಾಗೋಗುತ್ತೆ!"

ನನಗೆ ನಗು ಬರುತ್ತದೆ. ನಾನು ಬೆಳೆದ ಮನೆಯಲ್ಲಿ ಕೊನೆ ಹೇಳದೆ ಯಾರೂ ಯಾರಿಗೂ ಒಂದು ಚಿತ್ರವನ್ನು ನೋಡು ಎಂದು ಹೇಳುತ್ತಿರಲಿಲ್ಲ. ಕೊನೆ ಮುಚ್ಚಿಟ್ಟು ಹೇಳಿದರೆ ಅದು ಮೋಸ. ಕೊನೆ ಗೊತ್ತಿಲ್ಲದ ಚಿತ್ರಕ್ಕೆ ಮರ್ಯಾದಸ್ಥರ ಮನೆಯ ಹೆಂಗಸರು ಹೋಗುವುದಾದರೂ ಹೇಗೆ? ಆ ಕಾಲದ ಈ ಪದ್ಧತಿಯನ್ನು ಪಾರ್ಕಿನವರಿಗೆ ಹೇಳಿದರೆ ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾನೂ ನಕ್ಕು ಸುಮ್ಮನಾಗುತ್ತೇನೆ. ಆ ಪದ್ಧತಿ ನಮ್ಮ ಮನೆಯಲ್ಲಿ ಏನು ಮಾಡಿತು ಎಂಬುದನ್ನು ಮಾತ್ರ ಅವರಿಗೆ ಹೇಳಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಜಯನಗರವೆಂದರೆ ಆಗ ಮನೆಗಳಿಗಿಂತ ಅಳತೆಯ ಕಲ್ಲು ನೆಟ್ಟ ಖಾಲಿ ಸೈಟುಗಳೇ ಹೆಚ್ಚು. ಅಪ್ಪ ತುಮಕೂರಿನ ಕಡೆಯಿಂದ ಬಂದು ಅಲ್ಲೊಂದು ದಿನಸಿ ಅಂಗಡಿ ಇಟ್ಟಿದ್ದರು. ಅಂಗಡಿಯ ಹಿಂದೆಯೇ ಮನೆ. ಮನೆಯಲ್ಲಿ ಅಪ್ಪ, ಅಮ್ಮ, ನನಗಿಂತ ಎರಡು ವರ್ಷಕ್ಕೆ ದೊಡ್ಡವಳಾದ ಅಕ್ಕ, ನಾನು ಮತ್ತು ದೊಡ್ಡಮ್ಮ. ದೊಡ್ಡಮ್ಮ ಅಂದರೆ ಅಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ತೀರಿಹೋದ ಮೇಲೆ, ಮಕ್ಕಳಿಲ್ಲದ ಆಕೆಯನ್ನು ಅಪ್ಪ ಕರೆತಂದು ಮನೆಯಲ್ಲಿಟ್ಟುಕೊಂಡಿದ್ದರು. ನಮ್ಮಿಬ್ಬರಿಗೂ ಎಣ್ಣೆ ಹಚ್ಚಿ ನೀರು ಹಾಕಿ ಬೆಳೆಸಿದವರು ಅವರೇ. ಅವರಿಗಿದ್ದ ಒಂದೇ ಒಂದು ಚಟ ಸಿನಿಮಾ. ಬನಶಂಕರಿ ದೇವಸ್ಥಾನದ ದಾರಿಯ ಬಯಲಲ್ಲಿ ಒಂದು ಟೂರಿಂಗ್ ಟಾಕೀಸು ಗುಡಾರ ಹಾಕಿತ್ತು. ಎಲ್ಲರೂ ಟೆಂಟು ಅನ್ನುತ್ತಿದ್ದರು. ಹೊಸ ಚಿತ್ರ ಬಂದ ಮೊದಲ ಸಂಜೆಯೇ ದೊಡ್ಡಮ್ಮ ಹೆಂಗಸರ ಕಡೆಯ ಮರಳಿನ ಮೇಲೆ ಚಾಪೆ ಹಾಸಿಕೊಂಡು ಕುಳಿತಿರುತ್ತಿದ್ದರು.

ಮಾರನೆಯ ಮಧ್ಯಾಹ್ನ ನಮ್ಮ ಜಗಲಿಯ ಮೇಲೆ ದರ್ಬಾರು. ಬೀದಿಯ ಹೆಂಗಸರು ಊಟ ಮುಗಿಸಿ, ಅಕ್ಕಿ ಆರಿಸುವ ಮೊರವನ್ನೋ ಹೂವಿನ ಬುಟ್ಟಿಯನ್ನೋ ಹಿಡಿದುಕೊಂಡು ಬರುತ್ತಿದ್ದರು. ದೊಡ್ಡಮ್ಮ ಮೊದಲು ಹೇಳುತ್ತಿದ್ದದ್ದೇ ಕೊನೆ. "ಕೊನೇಲಿ ಮಗು ಸಿಗುತ್ತೆ ಕಣ್ರೇ, ಎಲ್ಲಾ ಸರಿಹೋಗುತ್ತೆ. ಧೈರ್ಯವಾಗಿ ಹೋಗಿ ಅತ್ಕೊಂಡು ಬನ್ನಿ." ಕೊನೆ ಕೆಟ್ಟದಿದ್ದರೆ, "ಇದು ಬೇಡ. ಅವಳು ಸಾಯ್ತಾಳೆ. ಸಾವು ನೋಡೋಕೆ ದುಡ್ಡು ಯಾಕೆ ಕೊಡ್ಬೇಕು?" ಅಷ್ಟು ಹೇಳಿದರೆ ಆ ಚಿತ್ರದ ಕಡೆ ನಮ್ಮ ಬೀದಿಯ ಒಂದು ನರಪಿಳ್ಳೆಯೂ ತಲೆ ಹಾಕುತ್ತಿರಲಿಲ್ಲ. ಚಿತ್ರ ಎಷ್ಟು ಒಳ್ಳೆಯದು ಎನ್ನುವುದಕ್ಕೂ ಅವರದೇ ಲೆಕ್ಕವಿತ್ತು. ಸೆರಗಿನ ತುದಿ ಒದ್ದೆಯಾದರೆ ಸುಮಾರು, ಅರ್ಧ ಸೆರಗು ಒದ್ದೆಯಾದರೆ ಚೆನ್ನಾಗಿದೆ. ಸೆರಗು ಹಿಂಡಿಕೊಂಡು ಬರುವ ಹಾಗಿದ್ದರೆ ಅದು ಚಿತ್ರ.

ಬರುಬರುತ್ತ ಹೆಂಗಸರು ಮನೆಯ ಕಷ್ಟಗಳನ್ನೂ ತಂದು ದೊಡ್ಡಮ್ಮನ ಮುಂದೆ ಇಡತೊಡಗಿದರು. ಸೊಸೆ ಎದುರು ಮಾತಾಡುತ್ತಾಳೆ, ಮಗ ಇಸ್ಪೀಟಿಗೆ ಬಿದ್ದಿದ್ದಾನೆ, ಯಾವ ಚಿತ್ರ ತೋರಿಸಲಿ? ಪಂಡಿತರು ನಾಡಿ ನೋಡಿ ಕಷಾಯ ಹೇಳುವ ಹಾಗೆ ದೊಡ್ಡಮ್ಮ ಚಿತ್ರ ಹೇಳುತ್ತಿದ್ದರು. ಹಿಂದಿನ ಬೀದಿಯಲ್ಲಿ ಪಾಲಿನ ಜಗಳವಾಡಿ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರಿಬ್ಬರನ್ನು, ಒಬ್ಬರಿಗೊಬ್ಬರು ಗೊತ್ತಿಲ್ಲದ ಹಾಗೆ, ಒಂದೇ ಆಟಕ್ಕೆ ಕಳಿಸಿಬಿಟ್ಟರು. ಅಣ್ಣತಮ್ಮಂದಿರು ಒಂದಾಗುವ ಚಿತ್ರ ಅದು. ಆಟ ಬಿಟ್ಟ ಮೇಲೆ ಅವರಿಬ್ಬರೂ ಟೆಂಟಿನ ಬಾಗಿಲಲ್ಲೇ ತಬ್ಬಿಕೊಂಡು ಗೊಳೋ ಎಂದು ಅತ್ತರಂತೆ. ಆ ಸುದ್ದಿ ಯಡಿಯೂರಿನವರೆಗೂ ಹೋಯಿತು. ಆರು ತಿಂಗಳಲ್ಲಿ ಅವರು ಮತ್ತೆ ಜಗಳವಾಡಿ ಮನೆಯ ನಡುವೆ ಗೋಡೆ ಎಬ್ಬಿಸಿಕೊಂಡರು. ಆ ಸುದ್ದಿಯನ್ನು ಯಾರೂ ಎಲ್ಲಿಗೂ ಒಯ್ಯಲಿಲ್ಲ.

ದೊಡ್ಡಮ್ಮ ಕೆಟ್ಟವರಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ಸಿಟ್ಟಿನಲ್ಲಿ ಮರೆತುಬಿಡುತ್ತೇನೆ. ಅವರ ಗಂಡ, ನಮ್ಮ ದೊಡ್ಡಪ್ಪ, ಕುಡಿದು ಬಂದು ಅವರನ್ನು ಕಂಬಕ್ಕೆ ಕಟ್ಟಿ ಹೊಡೆಯುತ್ತಿದ್ದರೆಂದು ಅಮ್ಮ ಹೇಳಿದ್ದರು. ಸಾಯುವ ದಿನವೂ ಕೈಗೆ ಸಿಕ್ಕ ಲೋಟ ಎಸೆದು ಸತ್ತ ಮನುಷ್ಯ. ತಪ್ಪಾಯಿತು ಎಂಬ ಒಂದು ಮಾತು ಆಡದೆ ಹೋದ. ಪರದೆಯ ಮೇಲೆ ಗಂಡ ಹೆಂಡತಿಯ ಮುಂದೆ ಕುಸಿದು ಕೂರುವುದನ್ನು ನೋಡಿದಾಗೆಲ್ಲ ದೊಡ್ಡಮ್ಮ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ತನಗೆ ಸಿಗದೇ ಹೋದದ್ದು ಲೋಕದಲ್ಲಿ ಇದೆ ಎಂದು ಅವರು ನಂಬಿದ್ದರು, ಪಾಪ.

ಅಕ್ಕನ ಮದುವೆಯಾದದ್ದು ಒಂದು ಮಾಘದಲ್ಲಿ. ಹುಡುಗ ತುಮಕೂರಿನಾಚೆ, ತೆಂಗಿನಕಾಯಿ ಮಂಡಿಗಳ ಊರಿನವನು. ಸ್ವಂತ ಮಂಡಿ, ದೊಡ್ಡ ಮನೆ, ಒಳ್ಳೆಯ ಮೈಬಣ್ಣ. ಮೊದಲ ಆಷಾಢಕ್ಕೆ ಹೊಸ ಮದುಮಗಳು ತವರಿಗೆ ಬರುವುದು ಪದ್ಧತಿ. ಹಾಗೆ ಬಂದಳು. ರೈಲು ಇಳಿದವಳನ್ನು ಕರೆತರಲು ಅಪ್ಪನ ಜೊತೆ ನಾನೂ ಹೋಗಿದ್ದೆ. ಹೆಗಲ ಮೇಲೆ ಕೈ ಹಾಕಿದರೆ "ಅಯ್ಯಪ್ಪಾ" ಎಂದು ಸರಿದಳು. ಬಾವಿಕಟ್ಟೆಯ ಹತ್ತಿರ ಜಾರಿಬಿದ್ದೆ ಎಂದಳು. ಎಡಗೈ ಮೇಲಕ್ಕೆ ಎತ್ತಲಾಗುತ್ತಿರಲಿಲ್ಲ. ಮನೆಗೆ ಬಂದ ಮೇಲೆ ಜಡೆ ಹಾಕು ಎಂದು ನನ್ನ ಮುಂದೆ ಬೆನ್ನು ತಿರುಗಿಸಿ ಕುಳಿತಳು. ಮದುವೆಗೆ ಮುಂಚೆ ನನ್ನ ಕೈಗೆ ಕೂದಲು ಮುಟ್ಟಿಸದಿದ್ದವಳು.

ಶನಿವಾರ ಅಮ್ಮ ಎಣ್ಣೆ ಹಚ್ಚಲು ಕೂರಿಸಿದರು. ನಾನು ಒಲೆಗೆ ಸೌದೆ ಹಾಕುತ್ತಿದ್ದೆ. ಬೆನ್ನಿನ ಮೇಲೆ ಅಮ್ಮನ ಕೈ ನಿಂತುಹೋಯಿತು. "ಇದೇನೇ ಇದು?" ಎಂದರು. ಅಕ್ಕ ತಲೆ ತಗ್ಗಿಸಿಕೊಂಡೇ, "ಬೆಲ್ಟಮ್ಮ" ಎಂದಳು. ಬಿಸಿನೀರು ಕುದಿಯುತ್ತಿತ್ತು. ಅವಳೇ ಮುಂದುವರಿಸಿ ಹೇಳಿದಳು. "ನಾನು ವಾಪಸ್ ಹೋಗಲ್ಲಮ್ಮ. ಏನಾದ್ರೂ ಮಾಡಿ. ನನ್ನನ್ನ ಕಳಿಸ್ಬೇಡಿ."

ಆ ಆಷಾಢದಲ್ಲಿ ನಮ್ಮ ಮನೆಯಲ್ಲಿದ್ದದ್ದು ಇದೊಂದೇ ಪ್ರಶ್ನೆ. ಶ್ರಾವಣ ಬಂದರೆ ಭಾವ ಕರೆದೊಯ್ಯಲು ಬರುತ್ತಾನೆ. ಆಗ ಅಕ್ಕ ಹೋಗುವುದೋ, ಉಳಿಯುವುದೋ?

ಮೊದಲ ದಿನವೇ ಅಪ್ಪ ತೀರ್ಮಾನ ಹೇಳಿಬಿಟ್ಟಿದ್ದರು ಎಂದರೆ ನೀವು ನಂಬಬೇಕು. ಅಮ್ಮ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಹಣೆಯ ವಿಭೂತಿಯನ್ನು ಹಾಗೇ ಒರೆಸಿಕೊಂಡು, "ಬೇಡ ಅಂದ್ರೆ ಬೇಡ. ನಮ್ಮನೇಲೇನು ಒಂದು ತುತ್ತಿಗೆ ಬರವಾ? ಇರ್ಲಿ ನನ್ನ ಮಗಳು" ಎಂದರು. ಅಕ್ಕ ಅಂದು ಎರಡು ಸಲ ಅನ್ನ ಹಾಕಿಸಿಕೊಂಡಳು. ಮಾರನೆಯ ದಿನದಿಂದ ಅಪ್ಪನ ಜೊತೆ ಅಂಗಡಿಯಲ್ಲಿ ಕುಳಿತು ಒಂದೇ ಕೈಯಲ್ಲಿ ಸಕ್ಕರೆ ಪೊಟ್ಟಣ ಕಟ್ಟತೊಡಗಿದಳು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಪ್ಪ ಅವಳಿಗೆ ಟೈಪಿಂಗ್ ಕ್ಲಾಸಿನ ಮಾತು ಹೇಳುತ್ತಿದ್ದರು. ಸೇರಿಸ್ತೀನಿ, ಕಲಿತುಕೊ, ಆಫೀಸಿನಲ್ಲಿ ಕೆಲಸ ಸಿಗುತ್ತೆ ಎಂದು. ಅಪ್ಪ ಹೆಚ್ಚು ಮಾತಿನವರಲ್ಲ. ಅವರ ಒಂದು ಮಾತಿನ ಮೇಲೆ ಅಕ್ಕನ ಮುಖಕ್ಕೆ ಬಣ್ಣ ಬರುತ್ತಿತ್ತು.

ಅಮ್ಮನಿಗೆ ಮಾತ್ರ ಬೇರೆಯದೇ ಚಿಂತೆ. ಕೆಳಗೆ ಇನ್ನೊಬ್ಬಳಿದ್ದಾಳೆ, ನಾಳೆ ಅವಳನ್ನು ಯಾರು ಕೇಳುತ್ತಾರೆ ಎಂದು ಒಲೆಯ ಮುಂದೆ ಗೊಣಗುತ್ತಿದ್ದರು. ಆ ಇನ್ನೊಬ್ಬಳು ನಾನು. "ನನಗೆ ಮದುವೇನೇ ಬೇಡ, ನನ್ನ ಹೆಸರು ಹೇಳ್ಕೊಂಡು ಅವಳನ್ನ ಕೊಲ್ಬೇಡಿ" ಎಂದು ನಾನು ಕೂಗಾಡಿದೆ. ಪಕ್ಕದ ಮನೆಯ ಪೋಸ್ಟ್ ಆಫೀಸ್ ಗುಮಾಸ್ತರ ಹೆಂಡತಿ ದಿನಕ್ಕೊಂದು ಸಲ ಬಂದು, "ಏನ್ರೀ, ಆಷಾಢ ಮುಗೀತಾ ಬಂತಲ್ಲ, ಯಾವಾಗ ಕಳಿಸ್ತೀರಿ?" ಎಂದು ವಿಚಾರಿಸಿಕೊಂಡು ಹೋಗುತ್ತಿದ್ದರು. ಅಮ್ಮ ಬಾಗಿಲ ಮರೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಆಗ ದೊಡ್ಡಮ್ಮ ಅಮ್ಮನಿಗೆ ಹೇಳಿದರು. "ಸುಮ್ನೆ ಯಾಕೆ ಸಂಕಟಪಡ್ತೀಯ? ಟೆಂಟಿಗೆ ಒಂದು ಚಿತ್ರ ಬಂದಿದೆ. ಇವಳಿಗಂತಲೇ ತೆಗ್ದಿರೋ ಹಾಗಿದೆ. ಮೊದಲು ಅವಳನ್ನ ಅದಕ್ಕೆ ಕರ್ಕೊಂಡ್ಹೋಗೋಣ."

ಕೊನೆಯನ್ನು ಎಂದಿನಂತೆ ಮೊದಲೇ ಹೇಳಿದರು. ಕುಡುಕ ಗಂಡ, ಹೊಡೆತ, ಮನೆಗೆ ಇನ್ನೊಬ್ಬಳು. ಹೆಂಡತಿ ಎದುರು ಮಾತಾಡದೆ ಎಲ್ಲವನ್ನೂ ಸಹಿಸುತ್ತಾಳೆ. ಕೊನೆಗೆ ಗಂಡನಿಗೆ ದೊಡ್ಡ ಜ್ವರ ಬರುತ್ತದೆ. ಆ ಇನ್ನೊಬ್ಬಳು ಅವನನ್ನು ಹೊರಗೆ ನೂಕುತ್ತಾಳೆ. ಹೆಂಡತಿ ಮಾಂಗಲ್ಯ ಮಾರಿ ಔಷಧಿ ತರುತ್ತಾಳೆ, ಅವನು ಕಣ್ಣುಬಿಟ್ಟು ಕೈಮುಗಿಯುತ್ತಾನೆ. "ದೇವರ ಹಾಗೆ ಆಗ್ಬಿಡ್ತಾನೆ ಕಣೇ" ಎಂದು ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಸಂಜೆಯ ಆಟಕ್ಕೆ ನಾವು ನಾಲ್ವರು ಹೋದೆವು. ಟೆಂಟಿನಲ್ಲಿ ಒಂದೇ ಯಂತ್ರ. ಒಂದು ರೀಲು ಮುಗಿದರೆ ಇನ್ನೊಂದನ್ನು ಹಾಕುವವರೆಗೂ ದೀಪ ಹತ್ತುತ್ತಿತ್ತು. ದೀಪ ಹತ್ತಿದಾಗಲೆಲ್ಲ ದೊಡ್ಡಮ್ಮ, ಅಮ್ಮ ಇಬ್ಬರೂ ಬಗ್ಗಿ ಅಕ್ಕನ ಮುಖ ನೋಡುತ್ತಿದ್ದರು, ಅತ್ತಿದ್ದಾಳಾ ಎಂದು. ಅಕ್ಕನ ಕಣ್ಣು ಒಣಗಿತ್ತು. ಹೊಡೆಸಿಕೊಂಡ ಹೆಂಡತಿ ಹೊಡೆದವನ ಕಾಲಿಗೆ ಎಣ್ಣೆ ತಿಕ್ಕುವ ದೃಶ್ಯ ಬಂದಾಗ ಹೆಂಗಸರ ಕಡೆ ಎಲ್ಲ ಮೂಗೆಳೆಯುವ ಸದ್ದು. ಅದರ ನಡುವೆ ಅಕ್ಕ ಗಟ್ಟಿಯಾಗಿ ನಕ್ಕುಬಿಟ್ಟಳು. ಮುಂದೆ ಕುಳಿತಿದ್ದ ಅಜ್ಜಿಯೊಬ್ಬರು ತಿರುಗಿ, "ಯಾರದು, ಹುಚ್ಚು ಹಿಡಿದಿದೆಯಾ?" ಎಂದರು.

ಮನೆಗೆ ಬರುವ ದಾರಿಯಲ್ಲಿ ದೊಡ್ಡಮ್ಮ, "ಮಗು ಮನಸ್ಸು ಕಲ್ಲಾಗೋಗಿದೆ. ಇನ್ನೊಂದ್ಸಲ ನೋಡ್ಬೇಕು" ಎಂದರು. ಒಂದು ಸಲ ಕುಡಿದ ಕಷಾಯ ನಾಟಲಿಲ್ಲವೆಂದು ಇನ್ನೊಂದು ಲೋಟ! ನಾಲ್ಕು ದಿನ ಬಿಟ್ಟು ಮತ್ತೆ ಹೋದೆವು. ಈ ಸಲ ಪಕ್ಕದ ಮನೆಯಾಕೆಯೂ ಜೊತೆಗೆ. ಅಕ್ಕ ಅಳಲೂ ಇಲ್ಲ, ನಗಲೂ ಇಲ್ಲ. ಆಟ ಬಿಟ್ಟ ಮೇಲೆ ಹೊಂಗೆಮರದ ಕೆಳಗೆ ನಿಂತು ಕೇಳಿದಳು.

"ದೊಡ್ಡಮ್ಮ, ಅವನಿಗೆ ಜ್ವರ ಬರದೇ ಇದ್ದಿದ್ರೆ?"

"ಬರುತ್ತೆ ಕಣೇ. ಕೊನೇಲಿ ಬಂದೇ ಬರುತ್ತೆ."

"ಅದು ಚಿತ್ರದಲ್ಲಿ. ಅಲ್ಲಿ ಕೊನೆ ಏನು ಅಂತ ನಿಮಗೆ ಮೊದಲೇ ಗೊತ್ತು."

"ನಾನು ಹೇಳ್ತಿದೀನಲ್ಲ, ತಾಳು. ಎಲ್ಲಾ ಗಂಡಸರೂ ಒಂದಲ್ಲ ಒಂದಿನ ದಾರಿಗೆ ಬರ್ತಾರೆ."

"ದೊಡ್ಡಪ್ಪ ಬಂದ್ರಾ?" ಎಂದು ನಾನು ಬಾಯಿ ಹಾಕಿದೆ. ಅಮ್ಮನ ಕೈ ನನ್ನ ಕೆನ್ನೆಗೆ ಬಿತ್ತು. ದೊಡ್ಡಮ್ಮ ಮನೆಯವರೆಗೂ ತಲೆ ತಗ್ಗಿಸಿಕೊಂಡೇ ನಡೆದರು. ನನಗೆ ಅವರ ಮೇಲೆ ಕನಿಕರ ಬರಬೇಕಿತ್ತು, ಬರಲಿಲ್ಲ. ಕೆನ್ನೆ ಇನ್ನೂ ಉರಿಯುತ್ತಿತ್ತು.

ಅಕ್ಕನ ಮೇಲೆ ಚಿತ್ರ ನಾಟುವುದಿಲ್ಲ ಎಂದು ಗೊತ್ತಾದ ಮೇಲೆ ದೊಡ್ಡಮ್ಮ ಅಪ್ಪನ ಹಿಂದೆ ಬಿದ್ದರು. ಅಪ್ಪ ಚಿತ್ರ ನೋಡುವವರೇ ಅಲ್ಲ. ಅಂಗಡಿ ಬಿಟ್ಟರೆ ಮಠ, ಮಠ ಬಿಟ್ಟರೆ ಅಂಗಡಿ. "ಒಂದು ಸಲ ಬನ್ನಿ, ನಿಮ್ಮ ಮಗಳ ಬಾಳಿನ ವಿಷಯ" ಎಂದು ಅತ್ತಿಗೆಯಾದವರು ಕೇಳಿಕೊಂಡರೆ ಇಲ್ಲ ಎನ್ನುವುದು ಹೇಗೆ? ಹೂಂ ಎಂದರು. ನಾನು, ಅಕ್ಕ ಇಬ್ಬರೂ ಒಳಗೊಳಗೇ ಖುಷಿಪಟ್ಟೆವು ಎಂದರೆ ಈಗ ಯಾರಾದರೂ ನಂಬುತ್ತಾರೋ ಇಲ್ಲವೋ. ಹೊಡೆದವನ ಕಾಲಿಗೆ ಎಣ್ಣೆ ತಿಕ್ಕುವುದನ್ನು ನೋಡಿದರೆ ಅಪ್ಪ ಎದ್ದುಬರುತ್ತಾರೆ, ಅಲ್ಲಿಗೆ ಈ ಚಿತ್ರದ ಕಾಟ ಮುಗಿಯುತ್ತದೆ ಎಂದು ನಾವು ಲೆಕ್ಕ ಹಾಕಿದ್ದೆವು.

ಅಂದು ಅಪ್ಪ ಅಂಗಡಿಯನ್ನು ಬೇಗ ಮುಚ್ಚಿ, ಕರಿಕೋಟು ಹಾಕಿಕೊಂಡು, ಮದುವೆಗೆ ಹೊರಟವರ ಹಾಗೆ ಹೊರಟರು. ಗಂಡಸರು, ಹೆಂಗಸರು ಒಟ್ಟಿಗೆ ಕೂರಬಹುದಾದದ್ದು ಕುರ್ಚಿಯಲ್ಲಿ ಮಾತ್ರ. ಕುರ್ಚಿ ಟಿಕೆಟ್ಟು ತೆಗೆಸಿದರು. ದೊಡ್ಡಮ್ಮ, ಅಮ್ಮ, ನಾನು, ಅಕ್ಕ, ಕೊನೆಯಲ್ಲಿ ಅಪ್ಪ. ಶುರುವಿನಲ್ಲಿ ಅಪ್ಪನಿಗೆ ಏನೂ ಅರ್ಥವಾಗದೆ, "ಇವನು ಯಾರು? ಅವಳ ಅಣ್ಣನಾ?" ಎಂದು ಕೇಳುತ್ತಿದ್ದರು. ಅಕ್ಕ ಕಡಲೆಕಾಯಿ ಸುಲಿದು ಅವರ ಅಂಗೈಗೆ ಹಾಕುತ್ತ, "ಅಲ್ಲಪ್ಪಾಜಿ, ಅವನೇ ಗಂಡ" ಎಂದು ಪಿಸುಗುಡುತ್ತಿದ್ದಳು. ಮೂರನೆಯ ಸಲ ನೋಡುತ್ತಿದ್ದಳಲ್ಲ, ಮುಂದಿನದ್ದನ್ನೂ ಹೇಳಿಕೊಡುತ್ತಿದ್ದಳು. ಅಪ್ಪ, ಮಗಳು ತಲೆಗೆ ತಲೆ ತಾಗಿಸಿಕೊಂಡು ನಗುವುದನ್ನು ನಾನು ಎಷ್ಟೋ ತಿಂಗಳ ಮೇಲೆ ನೋಡಿದೆ.

ರೀಲುಗಳು ಬದಲಾದವು. ಅಪ್ಪ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದರು. ಅಂಗೈಯಲ್ಲಿದ್ದ ಕಡಲೆಕಾಯಿ ಬೀಜ ಹಾಗೇ ಉಳಿಯಿತು. ಕಾಲಿಗೆ ಎಣ್ಣೆ ತಿಕ್ಕುವ ದೃಶ್ಯ ಬಂತು. ನಾನು ಅಕ್ಕನನ್ನು ತಿವಿದೆ, ಈಗ ಏಳುತ್ತಾರೆ ನೋಡು ಎಂದು. ಅಪ್ಪ ಏಳಲಿಲ್ಲ. ಮುಂದಕ್ಕೆ ಬಾಗಿ ಕುಳಿತರು. ಹೆಂಡತಿ ಮಾಂಗಲ್ಯ ಬಿಚ್ಚಿ ಅಂಗಡಿಯವನ ಮುಂದೆ ಇಡುವ ಹೊತ್ತಿಗೆ ಅಪ್ಪನ ಭುಜ ಅಲುಗುತ್ತಿತ್ತು. ತಮ್ಮ ತಾಯಿ ಸತ್ತಾಗಲೂ ಎಲ್ಲರೆದುರು ಅಳದ ಮನುಷ್ಯ, ಹೆಗಲ ಮೇಲಿನ ಶಲ್ಯವನ್ನು ಬಾಯಿಗೆ ತುರುಕಿಕೊಂಡು ಮಗುವಿನ ಹಾಗೆ ಅತ್ತರು. ಕಣ್ಣು ಪರದೆಯ ಮೇಲಿಂದ ಸರಿಯಲಿಲ್ಲ.

ಅಕ್ಕ ಪರದೆ ನೋಡುವುದನ್ನು ಬಿಟ್ಟು ಅಪ್ಪನನ್ನೇ ನೋಡುತ್ತಿದ್ದಳು. ಬಹಳ ಹೊತ್ತು ನೋಡಿದಳು. ಆಮೇಲೆ ಅವಳ ಕಣ್ಣಿನಿಂದಲೂ ನೀರು ಇಳಿಯಿತು. ಸದ್ದಿಲ್ಲ, ಬಿಕ್ಕಿಲ್ಲ. ಅಷ್ಟರಲ್ಲಿ ರೀಲು ಮುಗಿದು ದೀಪ ಹತ್ತಿತು. ದೊಡ್ಡಮ್ಮ ಬಗ್ಗಿ ನೋಡಿದರು. ಇಬ್ಬರ ಮುಖವೂ ಒದ್ದೆ. ಅಮ್ಮನ ಕೈಯನ್ನು ಗಟ್ಟಿಯಾಗಿ ಅದುಮಿ, "ಅತ್ಲು ಕಣೇ! ನಾನು ಹೇಳ್ಲಿಲ್ವಾ!" ಎಂದರು. ಅಮ್ಮ ಕೈಮುಗಿದರು, ಯಾವ ದೇವರಿಗೋ.

ಮನೆಗೆ ಬಂದು ಹಾಸಿಗೆ ಬಿಡಿಸುವಾಗ ಅಕ್ಕನನ್ನು ತರಾಟೆಗೆ ತೆಗೆದುಕೊಂಡೆ. "ಏನೇ ನೀನು? ಎರಡು ಸಲ ಕಲ್ಲಿನ ಹಾಗೆ ಕೂತಿದ್ದು ಇವತ್ತು ಅತ್ತುಬಿಟ್ಯಲ್ಲ! ಅವರಿಗೆಲ್ಲಾ ಹಬ್ಬ ಆಗೋಯ್ತು."

"ಅಪ್ಪಾಜಿ ಅಳ್ತಿದ್ರು ಕಣೇ" ಎಂದಳು. ದಿಂಬನ್ನು ಸರಿಮಾಡಿ ಇಟ್ಟಳು. "ಇನ್ನೇನು. ಆಯ್ತಲ್ಲ."

ಏನು ಆಯಿತು ಎಂದು ಮಾರನೆಯ ಬೆಳಗ್ಗೆ ತಿಳಿಯಿತು. ಅಪ್ಪ ಪೂಜೆ ಮುಗಿಸಿ ಅಕ್ಕನನ್ನು ಕರೆದು ಎದುರಿಗೆ ಕೂರಿಸಿಕೊಂಡರು. ದನಿ ಬಹಳ ಮೆತ್ತಗಿತ್ತು. "ನೋಡಮ್ಮ, ಅವನೂ ಮನುಷ್ಯ. ನೀನು ಸ್ವಲ್ಪ ತಾಳ್ಮೆಯಿಂದ ಇದ್ರೆ ಅವನಿಗೂ ಒಂದಿನ ಅರ್ಥ ಆಗುತ್ತೆ. ಇನ್ನೊಂದ್ಸಲ ಪ್ರಯತ್ನಪಟ್ಟು ನೋಡು. ಆಗ್ಲಿಲ್ಲ ಅಂದ್ರೆ ನಾನಿದೀನಲ್ಲ." ಅಕ್ಕ ಹೂಂ ಎಂದಳು. ನಾನು ಅಪ್ಪನ ಮುಂದೆ ನಿಂತು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಬೆನ್ನು ನೋಡಿ, ಆ ಬೆನ್ನು ನೋಡಿ ಮಾತಾಡಿ ಎಂದೆ. ಅಪ್ಪ ಹೊಡೆಯಲಿಲ್ಲ, ಬಯ್ಯಲಿಲ್ಲ. "ನಿನಗಿನ್ನೂ ಬುದ್ಧಿ ಬಲಿತಿಲ್ಲ" ಎಂದು ಎದ್ದು ಅಂಗಡಿಯ ಬಾಗಿಲು ತೆಗೆಯಲು ಹೋದರು. ಟೈಪಿಂಗ್ ಕ್ಲಾಸಿನ ಮಾತು ಆಮೇಲೆ ಬರಲಿಲ್ಲ.

ಶ್ರಾವಣ ಹುಟ್ಟಿದ ವಾರದಲ್ಲೇ ಭಾವ ಬಂದ. ಒಂದು ಚೀಲ ತೆಂಗಿನಕಾಯಿ, ಅತ್ತೆಗೆ ಸೀರೆ, ಮೈತುಂಬ ವಿನಯ. ಒಳಗೆ ಬಂದವನೇ ಬಗ್ಗಿ ಅಪ್ಪನ ಎರಡೂ ಪಾದ ಹಿಡಿದುಕೊಂಡ. ಅಳಿಯನಾದವನು ಮಾವನ ಕಾಲಿಗೆ ನಮಸ್ಕಾರ ಮಾಡುವುದು ಯಾವ ಮನೆಯಲ್ಲಿಲ್ಲ? ಮದುವೆಯಲ್ಲೂ ಮಾಡಿದ್ದ. ಆದರೆ ಅಂದು ಅಪ್ಪನ ಕಣ್ಣು ತುಂಬಿಬಂತು. ಅವನನ್ನು ಎತ್ತಿ ತಬ್ಬಿಕೊಂಡರು. ದೊಡ್ಡಮ್ಮ ಬಾಗಿಲಲ್ಲಿ ನಿಂತು ಸೆರಗಿನಿಂದ ಮುಖ ಮುಚ್ಚಿಕೊಂಡು ಅಳತೊಡಗಿದರು. ಅವರಿಗೆಲ್ಲ ಚಿತ್ರದ ಕೊನೆ ನಮ್ಮ ನಡುಮನೆಯಲ್ಲೇ ನಡೆದುಹೋಗಿತ್ತು. ಅವನು ಅಕ್ಕನ ಕಡೆ ಒಂದು ಸಲವೂ ನೋಡಿರಲಿಲ್ಲ ಎಂಬುದು ಅವರ ಕಣ್ಣಿಗೆ ಬೀಳಲೇ ಇಲ್ಲ. ಅಮ್ಮ ಹೋಳಿಗೆ ಮಾಡಿದರು. ಸಂಜೆಯ ರೈಲಿಗೆ ಅಕ್ಕ ಹೊರಟಳು. ಉಡಿ ತುಂಬಿಸಿಕೊಳ್ಳುವಾಗಲೂ ಎಡಗೈ ಪೂರ್ತಿ ಮೇಲೇಳುತ್ತಿರಲಿಲ್ಲ. ನಾನು ಸ್ಟೇಷನ್ನಿಗೆ ಹೋಗಲಿಲ್ಲ.

ದೀಪಾವಳಿಗೆ ಅವರು ಬರಲಿಲ್ಲ. ಮಂಡಿಯಲ್ಲಿ ಕೆಲಸ ಜಾಸ್ತಿ ಎಂದು ಹೇಳಿಕಳಿಸಿದರು. ಹಬ್ಬ ಕಳೆದು ಕೆಲವು ವಾರಕ್ಕೆ, ಆ ಊರಿನಿಂದ ತೆಂಗಿನಕಾಯಿ ಲಾರಿ ತರುತ್ತಿದ್ದವನೊಬ್ಬ ಮಧ್ಯಾಹ್ನ ಅಂಗಡಿಯ ಮುಂದೆ ನಿಂತ. ಅವನು ತಲೆಯ ಮೇಲಿನ ವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. "ಯಜಮಾನ್ರೇ, ನಿಮ್ಮ ಮಗಳು ಬಾವಿಗೆ ಬಿದ್ದವ್ರೆ" ಎಂದ. ಅಪ್ಪ ಯಾರಿಗೋ ಬೇಳೆ ತೂಗುತ್ತಿದ್ದರು. ತಕ್ಕಡಿಯನ್ನು ಕೆಳಗಿಡಲು ಅವರಿಗೆ ಹೊಳೆಯಲಿಲ್ಲ, ಹಾಗೇ ಹಿಡಿದುಕೊಂಡೇ ನಿಂತಿದ್ದರು.

ನಾವು ಹೋದಾಗ ಹಜಾರದಲ್ಲಿ ಮಲಗಿಸಿದ್ದರು. ಭಾವ ಎದೆ ಎದೆ ಬಡಿದುಕೊಂಡು ಅಳುತ್ತಿದ್ದ. ಚೆನ್ನಾಗಿ ಅಳುತ್ತಿದ್ದ, ನೋಡಿದವರಿಗೆಲ್ಲ ಕರುಳು ಕಿತ್ತುಬರುವ ಹಾಗೆ. ನೀರು ಸೇದುವಾಗ ಕಾಲು ಜಾರಿತು ಎಂದು ಊರಿನ ಹಿರಿಯರು ಹೇಳಿದರು. ಪೊಲೀಸು ಎಂಬ ಮಾತನ್ನು ಯಾರೂ ಎತ್ತಲಿಲ್ಲ. ಬಿದ್ದಳೋ, ಹಾರಿದಳೋ, ನೂಕಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅಮ್ಮನೂ ನಾನೂ ಒಳಕೋಣೆಯಲ್ಲಿ ಅವಳಿಗೆ ಸ್ನಾನ ಮಾಡಿಸಿದೆವು. ಮಗ್ಗುಲಾಗಿಸಿದಾಗ ಬೆನ್ನು ಕಂಡಿತು. ಹಳೆಯ ಬಾಸುಂಡೆಗಳು ಆಗಲೇ ಕಪ್ಪಗಾಗಿ ಮಾಯುತ್ತಿದ್ದವು. ಅವುಗಳ ಮೇಲೆ ಹೊಸವಿದ್ದವು. ಅಮ್ಮ ನೀರು ಹಾಕುವುದನ್ನು ನಿಲ್ಲಿಸಲಿಲ್ಲ. ತಂಬಿಗೆಯ ಮೇಲೆ ತಂಬಿಗೆ ಹಾಕುತ್ತಲೇ ಇದ್ದರು. ಸಾಕಮ್ಮ ಎಂದು ನಾನೇ ಕೈ ಹಿಡಿಯಬೇಕಾಯಿತು. ಅವರ ತೋಟದ ಮೂಲೆಯಲ್ಲಿ ಅವಳನ್ನು ಸಮಾಧಿ ಮಾಡಿ ನಾವು ಬೆಂಗಳೂರಿಗೆ ಬಂದೆವು.

ಬೀದಿಯ ಹೆಂಗಸರು ಮಾತಾಡಿಸಲು ಬಂದರು. ಎಲ್ಲರೂ ನಡುಮನೆಯಲ್ಲಿ ಚಾಪೆಯ ಮೇಲೆ ಕುಳಿತರು. ಅಮ್ಮ ಗೋಡೆಗೆ ಒರಗಿದ್ದರು. ಅಪ್ಪ ಒಳಕೋಣೆಯಲ್ಲಿದ್ದರು. ಬಂದಾಗಿನಿಂದ ಅಂಗಡಿಯ ಬಾಗಿಲು ತೆಗೆದಿರಲಿಲ್ಲ. ಮೊದಲು ಅಯ್ಯೋ ಪಾಪ, ಎಂಥ ಹುಡುಗಿ, ಎಷ್ಟು ಚೆನ್ನಾಗಿ ಹಾಡುತ್ತಿದ್ದಳು ಎಂಬ ಮಾತುಗಳಾದವು. ಆಮೇಲೆ ಪಕ್ಕದ ಮನೆಯಾಕೆ ಉಸಿರು ಬಿಟ್ಟು ಹೇಳಿದರು.

"ಏನೋಪ್ಪ. ಇನ್ನೊಂದಷ್ಟು ದಿನ ತಾಳ್ಕೊಂಡಿದ್ರೆ ಸರಿಹೋಗ್ತಿತ್ತೋ ಏನೋ. ಆ ಚಿತ್ರದಲ್ಲಿ ನೋಡಿ, ಅವಳಿಗೆ ಇದಕ್ಕಿಂತ ಎಷ್ಟು ಕಷ್ಟ ಇತ್ತು."

ದೊಡ್ಡಮ್ಮ ಅತ್ತು ಅತ್ತು ಮುಖ ಊದಿಸಿಕೊಂಡಿದ್ದರು. ಅವರ ದುಃಖ ನಾಟಕವಲ್ಲ, ಅದು ನನಗೆ ಗೊತ್ತು. ತಲೆಯಾಡಿಸಿದರು. "ನಾನೂ ಅದೇ ಅಂತೀನಿ ಕಣ್ರೀ. ಕೊನೇವರೆಗೂ ಇರ್ಬೇಕಿತ್ತು ಮಗು. ಆತುರಪಟ್ಬಿಟ್ಲು."

ಕೈಗೆ ಸಿಕ್ಕಿದ್ದನ್ನು ಎತ್ತಿ ಎಸೆಯಬೇಕೆಂದು ನಾನು ಎದ್ದೆ. ಅಷ್ಟರಲ್ಲಿ ಒಳಕೋಣೆಯ ಬಾಗಿಲು ತೆರೆಯಿತು. ಅಪ್ಪ ಹೊಸ್ತಿಲ ಮೇಲೆ ನಿಂತಿದ್ದರು. ಗಡ್ಡ ಬೆಳೆದಿತ್ತು, ಹಣೆಯಲ್ಲಿ ವಿಭೂತಿ ಇರಲಿಲ್ಲ. ಹೆಂಗಸರು ಸೆರಗು ಹೊದ್ದುಕೊಂಡು ಸರಿದು ಕುಳಿತರು. ಅಪ್ಪ ಬೇರೆ ಯಾರನ್ನೂ ನೋಡಲಿಲ್ಲ. ದೊಡ್ಡಮ್ಮನನ್ನು ನೋಡಿ, ಸಿಟ್ಟಿಲ್ಲದೆ, ಅಂಗಡಿಯಲ್ಲಿ ಗಿರಾಕಿಗೆ ಹೇಳುವ ದನಿಯಲ್ಲಿ ಹೇಳಿದರು.

"ಅತ್ತಿಗೆ, ಅವತ್ತು ನಾನು ಅತ್ತಿದ್ದು ಪರದೆ ಮೇಲಿದ್ದ ಹುಡುಗಿಗೆ. ನನ್ನ ಮಗಳು ಪಕ್ಕದ ಕುರ್ಚೀಲೇ ಕೂತಿದ್ಲು. ಅವಳ ಕಡೆ ನಾನು ತಿರುಗಿ ನೋಡ್ಲಿಲ್ಲ."